ಬಾರ್ ಕೆಳಗಿದ್ದ ಎರಡು ಬೆರಳು: ಒಬ್ಬರೇ, ಟ್ರೇನರ್ ಜೊತೆ, ಪಾರ್ಟ್ನರ್ ಜೊತೆ ಭಾರ ಎತ್ತಿದ ಒಬ್ಬರ 17 ತಿಂಗಳ ಪ್ರಕರಣ

ಇದು ಒಬ್ಬರೇ ಒಬ್ಬರ ಪ್ರಕರಣ. ವಯಸ್ಸು 41, ತೂಕ 62 ಕೆಜಿ, ಹಿಂದೆ ಯಾವತ್ತೂ ಭಾರ ಎತ್ತಿದವರಲ್ಲ, ದಿನಕ್ಕೆ ಎಂಟು ಗಂಟೆ ಕೂತು ಮಾಡೋ ಕೆಲಸ. ನಾನು ಅವರನ್ನ ಅಕ್ಕ ಅಂತಲೇ ಕರೆಯೋದು, ಇಲ್ಲೂ ಹಾಗೇ ಬರೀತೀನಿ. ತಮ್ಮ ನೋಟ್‌ಬುಕ್ ನನ್ನ ಕೈಗೆ ಕೊಟ್ಟು "ಬರಿ, ಹೆಸರು ಮಾತ್ರ ಹಾಕ್ಬೇಡ, ಇನ್ಯಾರಿಗಾದ್ರೂ ಉಪಯೋಗ ಆಗ್ಲಿ" ಅಂದ್ರು. ಕೆಳಗಿರೋ ನಂಬರ್ ಎಲ್ಲಾ ಆ ನೋಟ್‌ಬುಕ್ಕಿಂದ, ಇಲ್ಲಾ ನಾನೇ ಪಕ್ಕದಲ್ಲಿ ನಿಂತು ನೋಡಿದ್ದು.

ಅವರು ಶುರು ಮಾಡಿದ್ದಕ್ಕೆ ಕಾರಣ ತೂಕ ಇಳಿಸೋದಲ್ಲ. ಅವರಮ್ಮ ಮನೇಲೇ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡಿದ್ರು, ಆಮೇಲೆ ಮೊದಲಿನ ಹಾಗೆ ಓಡಾಡೋಕೆ ಆಗ್ಲೇ ಇಲ್ಲ. ಅದನ್ನ ಕಣ್ಣಾರೆ ನೋಡಿದ ಅಕ್ಕ "ನಂಗೆ ಹೀಗಾಗಬಾರದು" ಅಂತ ಜಿಮ್ಮಿಗೆ ಕಾಲಿಟ್ಟಿದ್ದು. ಇದು ಬರೀ ಭಯದಿಂದ ಹುಟ್ಟಿದ ಯೋಚನೆಯೂ ಅಲ್ಲ, ಇದರ ಹಿಂದೆ ಗಟ್ಟಿ ಕೆಲಸ ಆಗಿದೆ. 2018ರಲ್ಲಿ ಪ್ರಕಟ ಆದ ಲಿಫ್ಟ್‌ಮೋರ್ ಅನ್ನೋ ಪ್ರಯೋಗದಲ್ಲಿ ಮುಟ್ಟು ನಿಂತ, ಮೂಳೆ ಸಾಂದ್ರತೆ ಕಮ್ಮಿ ಇದ್ದ 101 ಹೆಂಗಸರು ಇದ್ರು, ಅದರಲ್ಲಿ ಒಂದು ಗುಂಪಿಗೆ ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ಎಂಟು ತಿಂಗಳು ನಿಜವಾಗ್ಲೂ ಭಾರ ಎತ್ತಿಸಿದ್ರು, ಡೆಡ್‌ಲಿಫ್ಟು (ನೆಲದಿಂದ ಬಾರ್ ಎತ್ತಿ ನಿಲ್ಲೋದು) ಸ್ಕ್ವಾಟು (ಹೆಗಲ ಮೇಲೆ ಬಾರ್ ಇಟ್ಕೊಂಡು ಕೂತು ಏಳೋದು) ಎಲ್ಲಾ, ಐದೈದು ರೆಪ್ಪಿನ ಸೆಟ್, ಅಂದ್ರೆ ನಿಲ್ಲಿಸ್ದೆ ಐದೈದು ಸಲ ಎತ್ತೋದು. ಅವರ ಬೆನ್ನುಮೂಳೆಯ ಸಾಂದ್ರತೆ ಸರಾಸರಿ ಶೇ 3ರ ಹತ್ತಿರ ಏರಿತ್ತು. ಆದ್ರೆ ಇದನ್ನ ಹಂಚ್ಕೊಳ್ಳೋರು ಒಂದು ವಿಷಯ ಬಿಟ್ಟುಬಿಡ್ತಾರೆ, ಅಲ್ಲಿ ಪ್ರತಿ ಸೆಷನ್ನಲ್ಲೂ ಪಕ್ಕದಲ್ಲಿ ನೋಡ್ಕೊಳ್ಳೋಕೆ ಗೊತ್ತಿರೋರು ಇದ್ರು. ಹಾಗಾಗಿ ಪಕ್ಕದಲ್ಲಿ ಯಾರಿರಬೇಕು, ಎಷ್ಟು ಹೊತ್ತು ಇರಬೇಕು, ಏನು ಮಾಡಬೇಕು, ಏನು ಮಾಡಬಾರದು ಅನ್ನೋದು ಸಣ್ಣ ಪ್ರಶ್ನೆ ಅಲ್ಲ. ಅಕ್ಕನ ಪ್ರಕರಣ ಪೂರ್ತಿ ಇದರ ಸುತ್ತಲೇ ಇದೆ.

ಮೊದಲ ಐದು ತಿಂಗಳು, ಒಬ್ಬರೇ

ವಾರಕ್ಕೆ ಮೂರು ದಿನ, ಸ್ಕ್ವಾಟ್, ಬೆಂಚ್ ಪ್ರೆಸ್ (ಮಲಗಿ ಬಾರನ್ನ ಎದೆಗೆ ಇಳಿಸಿ ಮೇಲಕ್ಕೆ ತಳ್ಳೋದು), ಡೆಡ್‌ಲಿಫ್ಟ್, ರೋ (ಭಾರವನ್ನ ಮೈ ಕಡೆಗೆ ಎಳೆಯೋದು), ಅಷ್ಟೇ. ವಿಡಿಯೋ ನೋಡಿ ಕಲ್ತಿದ್ದು. ಮೊದಲ ಎರಡು ತಿಂಗಳು ನಂಬರ್ ಸರಸರ ಏರ್ತು, ಅದು ಎಲ್ಲಾ ಹೊಸಬರಿಗೂ ಏರುತ್ತೆ, ಯಾಕಂದ್ರೆ ಆಗ ಸ್ನಾಯು ದಪ್ಪ ಆಗೋದಕ್ಕಿಂತ ಹೆಚ್ಚಾಗಿ ಇರೋ ಸ್ನಾಯುವನ್ನ ಬಳಸೋದನ್ನ ನರಗಳು ಕಲೀತಿರ್ತವೆ. ಆಮೇಲೆ ನಿಂತ್ಹೋಯ್ತು. ನೋಟ್‌ಬುಕ್ಕಲ್ಲಿ ಸ್ಕ್ವಾಟ್ ಕಾಲಂ ನೋಡಿದ್ರೆ 35 ಕೆಜಿ, 8 ರೆಪ್, 3 ಸೆಟ್. ಮುಂದಿನ ವಾರ ಅದೇ. ಅದರ ಮುಂದಿನ ವಾರ ಅದೇ. ಹನ್ನೊಂದು ವಾರ ಅದೇ ಸಾಲು, ಕೈಬರಹ ಮಾತ್ರ ಒಂದೊಂದು ದಿನ ಒಂದೊಂದು ಥರ.

ಅಕ್ಕ ಆಗ ಅಂದ್ಕೊಂಡಿದ್ದು ನನ್ನ ವಯಸ್ಸಿಗೆ ಇಷ್ಟೇ ಅಂತ. ತುಂಬಾ ಹೆಂಗಸರು ಇಲ್ಲೇ ನಿಂತುಬಿಡ್ತಾರೆ, ಅದಕ್ಕೇ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಆ ದಿನಗಳ ಎರಡು ಮೂರು ವಿಡಿಯೋ ಅವರ ಫೋನಲ್ಲಿ ಉಳಿದಿದ್ವು, ನಾನು ಆಮೇಲೆ ಕೂತು ನೋಡ್ದೆ. ಎಂಟನೇ ರೆಪ್ಪು ಮೊದಲನೇ ರೆಪ್ಪಿನಷ್ಟೇ ಬೇಗ ಮೇಲೆ ಬರ್ತಿತ್ತು! ಕಷ್ಟದ ಸೆಟ್ಟಲ್ಲಿ ಕೊನೆ ಒಂದೆರಡು ರೆಪ್ಪು, ನಾವು ಎಷ್ಟೇ ಜೋರಾಗಿ ತಳ್ಳಿದ್ರೂ, ತಾನಾಗೇ ನಿಧಾನ ಆಗುತ್ತೆ, ಅದನ್ನ ಯಾರೂ ಮುಚ್ಚಿಡೋಕಾಗಲ್ಲ. ಇಲ್ಲಿ ನಿಧಾನ ಅನ್ನೋದೇ ಇರ್ಲಿಲ್ಲ, ಅಂದ್ರೆ ಒಳಗೆ ಇನ್ನೂ ಐದಾರು ರೆಪ್ಪು ಬಾಕಿ ಇತ್ತು, ಪ್ರತಿ ಸಲ ಬಾಕಿ ಇಟ್ಟೇ ಬಾರ್ ರ‍್ಯಾಕಿಗೆ ಹೋಗ್ತಿತ್ತು.

ಯಾಕೆ ಅಂತ ಕೇಳ್ದೆ. ಸೋಮಾರಿತನ ಅಲ್ಲ, ವಾರಕ್ಕೆ ಮೂರು ದಿನ ತಪ್ಪದೆ ಬಂದವರು ಅವರು. "ಕೆಳಗೆ ಹೋಗಿ ಮೇಲೆ ಬರ್ಲಿಲ್ಲ ಅಂದ್ರೆ ಯಾರಿದ್ದಾರೆ ಹೇಳು" ಅಂದ್ರು. ಅಷ್ಟೇ ವಿಷಯ. ಸೇಫ್ಟಿ ಪಿನ್ ಅಂತ ಒಂದಿದೆ, ಬಾರ್ ಕೈಮೀರಿದ್ರೆ ತಡೆಯೋಕೆ ರ‍್ಯಾಕಿಗೆ ಅಡ್ಡ ಹಾಕೋ ಕಬ್ಬಿಣದ ಸರಳು, ಅದನ್ನ ಹೇಗೆ ಹಾಕೋದು ಅಂತ ಅವರಿಗೆ ಯಾರೂ ಹೇಳಿರ್ಲಿಲ್ಲ, ಕೇಳೋಕೆ ಸಂಕೋಚ, ಕೇಳಿದ್ರೆ ಇನ್ನು ಹತ್ತು ಸಲಹೆ ಕೊಡೋಕೆ ಜನ ಸೇರ್ತಾರೆ ಅನ್ನೋ ಹಿಂಜರಿಕೆ ಬೇರೆ. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಮೂಲೆ ಹಿಡಿದು ಮಾಡೋ ಹೆಂಗಸರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ ಇದನ್ನ.

ಟ್ರೇನರ್ ಜೊತೆ ನಾಲ್ಕು ತಿಂಗಳು

ಆರನೇ ತಿಂಗಳು ಟ್ರೇನರ್ ಹತ್ರ ಸೇರ್ಕೊಂಡ್ರು. ಮೊದಲನೇ ವಾರವೇ ಸ್ಕ್ವಾಟ್ 35ರಿಂದ 42.5 ಆಯ್ತು. ಒಂದು ವಾರಕ್ಕೆ ಯಾರಿಗೂ ಏಳೂವರೆ ಕೆಜಿ ಶಕ್ತಿ ಬರಲ್ಲ, ಅದು ಅವರ ಹತ್ರ ಮೊದಲೇ ಇತ್ತು, "ಮೇಡಮ್ ಹಾಕಿ, ನಾನಿದ್ದೀನಿ" ಅಂತ ಒಬ್ಬರು ಹೇಳ್ಬೇಕಿತ್ತು ಅಷ್ಟೇ.

ಇದು ಅಕ್ಕ ಒಬ್ಬರ ವಿಷಯ ಅಲ್ಲ. ಅಭ್ಯಾಸ ಇರೋ 46 ಹೆಂಗಸರ ಮೇಲೆ ಮಾಡಿ 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ, ನೀವೇ ನಿಮಗೆ ಬೇಕಾದ ತೂಕ ಆರಿಸ್ಕೊಳ್ಳಿ ಅಂದಾಗ ಟ್ರೇನರ್ ಇಲ್ಲದೆ ಕಲಿತವರು ತಮ್ಮ ಗರಿಷ್ಠ ಶಕ್ತಿಯ (ಒಂದೇ ಒಂದು ಸಲ ಎತ್ತೋಕಾಗೋ ತೂಕದ) ಸುಮಾರು ಶೇ 42ರಷ್ಟು ತೂಕ ಆರಿಸ್ಕೊಂಡ್ರು, ಟ್ರೇನರ್ ಹತ್ರ ಕಲಿತವರು ಸುಮಾರು ಶೇ 51. ಶಕ್ತಿ ಬೆಳೆಸ್ಬೇಕು ಅಂದ್ರೆ ಹೊಸಬರಿಗೂ ಗರಿಷ್ಠದ ಶೇ 60ರಿಂದ 70 ಅಂತ ಅಮೆರಿಕದ ಕ್ರೀಡಾ ವೈದ್ಯಕೀಯ ತಜ್ಞರ ಸಂಸ್ಥೆ (ACSM) 2009ರಲ್ಲಿ ಹೇಳಿತ್ತು, ಅಂದ್ರೆ ಎರಡೂ ಗುಂಪಿನವರು ಕಮ್ಮಿನೇ ಹಾಕ್ಕೊಂಡಿದ್ರು. ನಂಗೆ ಆ 51ಕ್ಕಿಂತ 42 ಹೆಚ್ಚು ಕಾಡುತ್ತೆ. ವರ್ಷಗಟ್ಟಲೆ ಬೆವರು ಸುರಿಸಿ ಅರ್ಧ ಶಕ್ತಿನೂ ಬಳಸ್ದೆ ಮನೆಗೆ ಹೋಗೋದು ಅಂದ್ರೆ ಹೊಟ್ಟೆ ಉರಿಯೋ ವಿಷಯ ಅಲ್ವಾ.

ಟ್ರೇನರಿಂದ ಇನ್ನೂ ಎರಡು ನಿಜವಾದ ಲಾಭ ಆಯ್ತು. ಸ್ಕ್ವಾಟಲ್ಲಿ ಮಂಡಿ ಒಳಗೆ ಬಾಗ್ತಿತ್ತು, ಪಾದದ ಹೆಬ್ಬೆರಳು, ಕಿರುಬೆರಳು, ಹಿಮ್ಮಡಿ ಮೂರೂ ನೆಲ ಒತ್ತಬೇಕು ಅಂತ ಹೇಳ್ಕೊಟ್ರು, ಎರಡು ವಾರದಲ್ಲಿ ಸರಿ ಹೋಯ್ತು. ಉಸಿರು ತಗೊಂಡು ಹೊಟ್ಟೆ ಸುತ್ತ ಬಿಗಿ ಹಿಡಿಯೋದು ಕಲಿಸಿದ್ರು. ಇದೆಲ್ಲಾ ವಿಡಿಯೋ ನೋಡಿ ಕಲಿಯೋಕೆ ತಿಂಗಳುಗಟ್ಟಲೆ ಬೇಕಾಗ್ತಿತ್ತು.

ಆದ್ರೆ ನೋಟ್‌ಬುಕ್ ತೆಗೆದು ನೋಡಿದ್ರೆ ಈ ನಾಲ್ಕು ತಿಂಗಳ ಹಾಳೆ ಖಾಲಿ. ಅಲ್ಲೊಂದು ಇಲ್ಲೊಂದು ಬಿಟ್ರೆ ಏನೂ ಬರೆದಿಲ್ಲ. ತೂಕ ಅವರೇ ಹಾಕ್ತಾರೆ, ಎಣಿಸೋದು ಅವರೇ, ಮುಂದೇನು ಅಂತ ಅವರೇ ಹೇಳ್ತಾರೆ, ಇನ್ಯಾಕೆ ಬರೀಬೇಕು ಅಂತ ಬಿಟ್ಟುಬಿಟ್ರು. ಬೆಂಚ್ ಪ್ರೆಸ್ ಮಾತ್ರ ಅಕ್ಕಂಗೆ ಬಾಯಿಪಾಠ ಇತ್ತು: 40 ಕೆಜಿ, 5 ರೆಪ್. ಹೇಳ್ಕೊಳ್ಳುವಾಗ ಮುಖ ಅರಳ್ತಿತ್ತು.

ಬಾರ್ ಎದೆ ಮೇಲೆ ಕೂತ ದಿನ

ಟ್ರೇನರ್ ಕೆಲಸ ಬಿಟ್ಟು ಹೋದ್ರು. ಮುಂದಿನ ಸೆಷನ್ ಅಕ್ಕ ಒಬ್ಬರೇ. ನಾನು ಆಗಿನ್ನೂ ಅವರ ಪಾರ್ಟ್ನರ್ ಅಲ್ಲ, ಬರೀ ಮುಖಪರಿಚಯ, ಆಚೆ ಕಡೆ ರೋ ಮಾಡ್ತಿದ್ದೆ. ಅಕ್ಕ ಎಂದಿನ ಹಾಗೆ 15 ಕೆಜಿ ಬಾರಿಗೆ ಒಂದೊಂದು ಕಡೆ 12.5 ಹಾಕಿದ್ರು, ಒಟ್ಟು 40, ಎರಡೂ ಕಡೆ ಕ್ಲಿಪ್ ಬಿಗಿದ್ರು, ಟ್ರೇನರ್ ಯಾವಾಗ್ಲೂ ಬಿಗೀತಿದ್ರು ಅಂತ. ಮಲಗಿದ್ರು, ಎತ್ತಿದ್ರು, ಎದೆಗೆ ಇಳಿಸಿದ್ರು. ಅಷ್ಟೇ. ಮೇಲೆ ಬರ್ಲೇ ಇಲ್ಲ, ಐದನೇ ರೆಪ್ ಅಲ್ಲ, ಮೊದಲನೇದೇ.

ನಂಗೆ ಕೇಳ್ಸಿದ್ದು ಒಂದು ಸಣ್ಣ ದನಿ, ಕೂಗು ಕೂಡ ಅಲ್ಲ, ಎದೆ ಮೇಲೆ ಭಾರ ಇದ್ದಾಗ ಕೂಗೋಕೆ ಉಸಿರು ಎಲ್ಲಿಂದ ಬರ್ಬೇಕು. ತಿರುಗಿ ನೋಡಿದ್ರೆ ಬಾರ್ ಎದೆ ಮೇಲೆ, ಕಾಲು ಒದ್ದಾಡ್ತಿದೆ, ಕ್ಲಿಪ್ ಇರೋದ್ರಿಂದ ಒಂದು ಕಡೆಗೆ ವಾಲಿಸಿ ಪ್ಲೇಟ್ ಜಾರಿಸೋಕೂ ದಾರಿ ಇಲ್ಲ. ಜೀವ ಬಾಯಿಗೆ ಬಂತು ನಂಗೆ. ನಾನು ಓಡಿ ಹೋಗೋಷ್ಟರಲ್ಲಿ ಅವರೇ ಬಾರನ್ನ ಹೊಟ್ಟೆ ಮೇಲೆ ಉರುಳಿಸ್ಕೊಂಡು ತೊಡೆವರೆಗೂ ತಂದು ಎದ್ದು ಕೂತಿದ್ರು. ಪಕ್ಕೆಲುಬಿನ ಕೆಳಗೆ, ಸೊಂಟದ ಮೂಳೆ ಮೇಲೆ ಕೆಂಪಗೆ ಗೀರು, ಮಾರನೇ ದಿನ ನೀಲಿ. ಬೇರೇನೂ ಆಗ್ಲಿಲ್ಲ. ಎದ್ದವರು ಮೊದಲು ಕೇಳಿದ್ದು "ಹೋದ ವಾರ ಐದು ಬಂದಿತ್ತಲ್ಲ, ಇವತ್ತು ಒಂದೂ ಯಾಕೆ ಬರ್ಲಿಲ್ಲ?"

ಆ ಪ್ರಶ್ನೆಗೆ ಉತ್ತರ ಸಿಗೋಕೆ ಒಂದು ವಾರ ಆಯ್ತು. ನೋವು ಹೋದ್ಮೇಲೆ, ಪಿನ್ ಹಾಕಿ, ನಾನು ಹಿಂದೆ ನಿಂತು, ಕೈ ಬಾರ್‌ನಿಂದ ಒಂದು ಗೇಣು ದೂರ ಇಟ್ಕೊಂಡು ಅವರ ನಿಜವಾದ ನಂಬರ್ ನೋಡಿದ್ವಿ. ಐದು ರೆಪ್ ಬಂದಿದ್ದು 32.5ಕ್ಕೆ. ಒಂದೇ ಒಂದು ರೆಪ್ ಬಂದ ಅತಿ ಹೆಚ್ಚು ತೂಕ 37.5. ಲೆಕ್ಕ ಕೂಡ ಹೊಂದುತ್ತೆ: ತೂಕವನ್ನ ರೆಪ್ಪಿಂದ ಗುಣಿಸಿ 30ರಿಂದ ಭಾಗಿಸಿ ಅದೇ ತೂಕಕ್ಕೆ ಕೂಡಿಸಿದ್ರೆ ಗರಿಷ್ಠದ ಅಂದಾಜು ಸಿಗುತ್ತೆ, ಎಪ್ಲಿ ಸೂತ್ರ ಅಂತಾರೆ, 32.5ಕ್ಕೆ 5 ರೆಪ್ ಅಂದ್ರೆ ಹತ್ರ ಹತ್ರ 38. 40ಕ್ಕೆ ಐದು ನಿಜವಾಗ್ಲೂ ಬರ್ಬೇಕಿದ್ರೆ ಗರಿಷ್ಠ 46ರ ಮೇಲಿರ್ಬೇಕಿತ್ತು. ಮಧ್ಯದ ಆ ಏಳೆಂಟು ಕೆಜಿ ಟ್ರೇನರ್‌ದು. ಬಾರ್ ಕೆಳಗೆ ಎರಡೆರಡು ಬೆರಳು ಇಟ್ಟು "ನೀವೇ ಎತ್ತಿದ್ದು ಮೇಡಮ್, ನಾನು ಮುಟ್ಟೇ ಇಲ್ಲ" ಅಂತಿದ್ರಂತೆ.

ಅವರು ಮೋಸ ಮಾಡಿದ್ರು ಅಂತ ನಾನು ಹೇಳ್ತಿಲ್ಲ, ಹುರುಪು ತುಂಬೋಕೆ ಹಾಗೆ ಮಾಡ್ತಾರೆ. ಆದ್ರೂ ನನ್ನ ಅಭಿಪ್ರಾಯದಲ್ಲಿ ಇದು ತಪ್ಪೇ. ಅಕ್ಕ ನಾಲ್ಕು ತಿಂಗಳು ತನ್ನ ಶಕ್ತಿ ಎಷ್ಟು ಅನ್ನೋದನ್ನೇ ತಿಳೀದೆ ಇದ್ರು, ಆ ತಪ್ಪು ನಂಬರ್ ನಂಬಿದ್ದಕ್ಕೇ ಬಾರ್ ಎದೆ ಮೇಲೆ ಕೂತಿದ್ದು. ಮೊದಲ ಐದು ತಿಂಗಳು ಒಬ್ಬರೇ ಇದ್ದಾಗ ಇರೋ ಶಕ್ತಿ ಕಮ್ಮಿ ಅಂದ್ಕೊಂಡ್ರು, ಆಮೇಲೆ ಇಲ್ಲದ ಶಕ್ತಿ ಇದೆ ಅಂದ್ಕೊಂಡ್ರು.

ನಾನು ಪಾರ್ಟ್ನರ್ ಆದ ಮೂರು ತಿಂಗಳು

ಆ ದಿನದಿಂದ ನಾವಿಬ್ರೂ ಜೊತೆ. ಮೊದಲೇ ಒಂದು ಮಾತು ಮಾಡ್ಕೊಂಡ್ವಿ: ಬಾರ್ ಪೂರ್ತಿ ನಿಲ್ಲೋವರೆಗೂ, ಇಲ್ಲಾ ಕೆಳಗೆ ಇಳಿಯೋಕೆ ಶುರು ಆಗೋವರೆಗೂ ನಾನು ಮುಟ್ಟಲ್ಲ, ಮುಟ್ಟಿದ್ರೆ ಆ ರೆಪ್ ಲೆಕ್ಕಕ್ಕಿಲ್ಲ, ನೋಟ್‌ಬುಕ್ಕಲ್ಲಿ ಅದಕ್ಕೆ ಸುತ್ತು ಹಾಕ್ಬೇಕು. ಈ ಸುತ್ತು ಹಾಕೋದು ಸಣ್ಣ ವಿಷಯ ಅನ್ಸುತ್ತೆ ಆದ್ರೆ ಇಡೀ ಪ್ರಕರಣದಲ್ಲಿ ನಂಗೆ ಹೆಚ್ಚು ಬೆಲೆ ಇರೋದು ಇದಕ್ಕೇ. 35 ಕೆಜಿ, 3, 4, ಆಮೇಲೆ ಸುತ್ತು ಹಾಕಿದ 5. ಮುಂದಿನ ವಾರ ಸುತ್ತು ಇಲ್ಲದ 5. ಪ್ಲೇಟ್ ಒಂದೂ ಜಾಸ್ತಿ ಆಗದೇ ಇದ್ರೂ ಆ ವಾರ ಮುಂದೆ ಹೋಗಿದ್ದಾರೆ ಅಂತ ಹಾಳೆ ನೋಡಿದ್ರೆ ಗೊತ್ತಾಗುತ್ತೆ.

ಮುಟ್ಟದೇ ಬರೀ ನಿಂತ್ರೂ ಫರಕ್ಕು ಆಗುತ್ತೆ. 2019ರಲ್ಲಿ ಪ್ರಕಟ ಆದ ಒಂದು ಸಣ್ಣ ಪ್ರಯೋಗದಲ್ಲಿ ಬೆಂಚ್ ಪ್ರೆಸ್ ಮಾಡುವಾಗ ಸ್ಪಾಟರ್‌ಗಳು (ಬಾರ್ ಸಿಕ್ಕಿಹಾಕ್ಕೊಂಡ್ರೆ ಹಿಡಿಯೋಕೆ ಪಕ್ಕದಲ್ಲಿ ನಿಲ್ಲೋರು) ಕಣ್ಣಿಗೆ ಕಾಣೋ ಹಾಗೆ ನಿಂತಿದ್ದಾಗ ಜನ ಹೆಚ್ಚು ರೆಪ್ ಮಾಡಿದ್ರು, ಮರೆಯಲ್ಲಿ ನಿಂತಿದ್ದಾಗ ಕಮ್ಮಿ, ಅದೂ ಕಾಣ್ತಿದ್ದಾಗ ಶ್ರಮ ಕಮ್ಮಿ ಅನ್ಸಿತು ಅಂದ್ರಂತೆ. ಅಕ್ಕನ ವಿಷಯದಲ್ಲೂ ಅದನ್ನೇ ನೋಡ್ದೆ, ನಾನು ನೀರು ಕುಡಿಯೋಕೆ ಹೋದ ಸೆಟ್ಟಲ್ಲಿ ಒಂದು ರೆಪ್ ಕಮ್ಮಿ.

ತೊಂದ್ರೆನೂ ಬಂತು, ಅದನ್ನ ಮುಚ್ಚಿಡಬಾರದು. ಒಂದು, ಮಾತು. ಸೆಟ್ ಮಧ್ಯೆ ಎರಡು ಮೂರು ನಿಮಿಷ ರೆಸ್ಟ್ ಸಾಕು, ನಮ್ಮದು ಆರು ಏಳು ನಿಮಿಷ ಆಗ್ತಿತ್ತು, ಒಂದು ಗಂಟೆ ಕೆಲಸ ಎರಡು ಗಂಟೆ ಹಿಡೀತಿತ್ತು, ಕೊನೆಗೆ ರೋ ಬಿಟ್ಟು ಮನೆಗೆ ಓಡೋದು. ಇನ್ನೊಂದು, ನಾನು ಎರಡು ವಾರ ಜ್ವರ ಅಂತ ಮಲಗಿದಾಗ ಅಕ್ಕನೂ ಹೋಗ್ಲಿಲ್ಲ, "ನೀನಿಲ್ಲದೆ ಹೇಗೆ" ಅಂತ. ಐದು ತಿಂಗಳು ಒಂದು ದಿನ ತಪ್ಪದೆ ಒಬ್ಬರೇ ಬಂದವರು ಅವರೇ! ಆಮೇಲೆ ಹೋಲಿಕೆ. ನಾನು ಅವರಿಗಿಂತ ಚಿಕ್ಕವಳು, ಅವರಿಗಿಂತ ಹೆಚ್ಚು ವರ್ಷದಿಂದ ಎತ್ತಿದವಳು, ನನ್ನ ಡೆಡ್‌ಲಿಫ್ಟ್ ತೂಕ ಹಾಗೇ ಬಾರಲ್ಲಿ ಇರೋದನ್ನ ನೋಡಿ ಒಂದು ದಿನ "ತೆಗೀಬೇಡ, ಒಂದು ಸಲ ನೋಡ್ತೀನಿ" ಅಂದ್ರು, ನಾನೂ ಸುಮ್ನಿದ್ದೆ. ಬೆನ್ನು ಹಿಡ್ಕೊಂಡು ನಾಲ್ಕು ದಿನ ಬಗ್ಗೋಕಾಗ್ಲಿಲ್ಲ. ಆ ದಿನ ಬೇಡ ಅನ್ನಬೇಕಾಗಿದ್ದು ನನ್ನ ಕೆಲಸ, ಅದನ್ನ ನಾನು ಮಾಡ್ಲಿಲ್ಲ, ಇವತ್ತಿಗೂ ಮನಸ್ಸಿಗೆ ಚುಚ್ಚುತ್ತೆ.

ಇದಕ್ಕಿಂತ ಆಳದ ತೊಂದ್ರೆ ಇನ್ನೊಂದಿತ್ತು, ಅದು ನಮಗೆ ತುಂಬಾ ತಡವಾಗಿ ಗೊತ್ತಾಗಿದ್ದು. ಸ್ಕ್ವಾಟಲ್ಲಿ ಕೆಳಗಿಂದ ಏಳುವಾಗ ಅಕ್ಕನ ಸೊಂಟ ಮೊದಲು ಮೇಲೆ ಬಂದು ಎದೆ ಹಿಂದೆ ಉಳೀತಿತ್ತು, ಬಾರ್ ಮುಂದಕ್ಕೆ ವಾಲ್ತಿತ್ತು. ಮೂರು ತಿಂಗಳು ಪಕ್ಕದಲ್ಲೇ ನಿಂತ ನನ್ನ ಕಣ್ಣಿಗೆ ಬೀಳ್ಲಿಲ್ಲ. ಯಾಕಂದ್ರೆ ನನ್ನ ಸ್ಕ್ವಾಟೂ ಹಾಗೇ ಇತ್ತು, ನಂಗೆ ಅದು ಸರಿ ಅಂತಲೇ ಕಾಣ್ತಿತ್ತು. ಪಾರ್ಟ್ನರ್ ಎಷ್ಟೇ ಪ್ರೀತಿಯವರಾಗಿರ್ಲಿ, ತನ್ನಲ್ಲೂ ಇರೋ ತಪ್ಪು ಅವರಿಗೆ ಕಾಣಲ್ಲ.

ಈಗ ನಡೀತಿರೋದು

ಕಳೆದ ಐದು ತಿಂಗಳಿಂದ ವಾರದ ಮೂರು ದಿನದಲ್ಲಿ ಎರಡು ದಿನ ಅಕ್ಕ ಒಬ್ಬರೇ, ಒಂದು ದಿನ ನನ್ನ ಜೊತೆ, ಆರು ವಾರಕ್ಕೊಂದು ಸಲ ಬೇರೆ ಒಬ್ಬ ಟ್ರೇನರ್ ಜೊತೆ ಒಂದು ಗಂಟೆ. ಈ ಟ್ರೇನರ್ ಮೊದಲ ದಿನವೇ "ಕೈ ಮುಟ್ಟಿ ತೋರಿಸ್ಲಾ, ಬಾಯಲ್ಲಿ ಹೇಳ್ಲಾ" ಅಂತ ಕೇಳಿದ್ರು, ಆಮೇಲೆ ನೋಟ್‌ಬುಕ್ ಕೇಳಿದ್ರು. ಎರಡನ್ನೂ ಕೇಳೋ ಟ್ರೇನರ್ ಸಿಕ್ಕಿದ್ರೆ ಬಿಡ್ಬೇಡಿ. ಸೊಂಟ ಮೊದಲು ಏಳೋದನ್ನ ಹತ್ತು ನಿಮಿಷದಲ್ಲಿ ಹಿಡಿದವರು ಅವರೇ.

ಒಬ್ಬರೇ ಇರೋ ದಿನ ಅಕ್ಕ ಬೆಂಚನ್ನ ಪವರ್ ರ‍್ಯಾಕ್ (ಪಿನ್ ಹಾಕೋಕೆ ರಂಧ್ರ ಇರೋ ಕಂಬಗಳ ಚೌಕಟ್ಟು) ಒಳಗೆ ಎಳ್ಕೊತಾರೆ. ಖಾಲಿ ಬಾರ್ ಹಿಡಿದು ಮಲಗಿ ಪಿನ್ ಎತ್ತರ ನೋಡ್ತಾರೆ: ಎದೆ ಉಬ್ಬಿಸಿ ಬೆನ್ನು ಕಮಾನು ಮಾಡಿದಾಗ ಬಾರ್ ಎದೆಗೆ ತಾಗ್ಬೇಕು, ಉಸಿರು ಬಿಟ್ಟು ಬೆನ್ನು ಚಪ್ಪಟೆ ಮಾಡಿದ ತಕ್ಷಣ ಬಾರ್ ಪಿನ್ ಮೇಲೆ ಕೂರ್ಬೇಕು, ಎದೆ ಮೇಲೆ ಅಲ್ಲ. ಒಂದು ರಂಧ್ರ ಮೇಲೆ ಕೆಳಗೆ ಆದ್ರೂ ಲೆಕ್ಕ ತಪ್ಪುತ್ತೆ. ಖಾಲಿ ಬಾರಲ್ಲೇ ಬೇಕಂತ ಎರಡು ಸಲ ಸೋತು ನೋಡ್ತಾರೆ, ಬಾರ್ ಬಿಟ್ಟು ಜಾರಿ ಹೊರಗೆ ಬರೋದನ್ನ. ಮೊದಲ ಸಲ ಇದನ್ನ ಮಾಡಿದ ದಿನ "ಇಷ್ಟೇನಾ" ಅಂತ ಅವರು ಹೇಳಿದ್ದು ನಂಗೆ ನೆನಪಿದೆ, ಒಂದು ವರ್ಷದ ಭಯ ಒಂದು ಕಬ್ಬಿಣದ ಸರಳು ಹಾಕೋದು ಗೊತ್ತಿಲ್ಲದ್ದಕ್ಕೆ. ರ‍್ಯಾಕ್ ಖಾಲಿ ಇಲ್ಲದ ದಿನ ಬೆಂಚ್ ಪ್ರೆಸ್‌ಗೆ ಕ್ಲಿಪ್ ಹಾಕಲ್ಲ, ಸೆಟ್ಟಲ್ಲಿ ಮೂರು ರೆಪ್ ಉಳಿಸ್ತಾರೆ. ಪಿನ್ ಇರೋ ದಿನ ಒಂದೇ ಉಳಿಸೋದು. ಕೊನೆ ಸೆಟ್ಟನ್ನ ಫೋನಲ್ಲಿ ಹಿಡೀತಾರೆ, ಸೊಂಟದ ಎತ್ತರಕ್ಕೆ, ಸ್ವಲ್ಪ ಓರೆಯಿಂದ, ಕೊನೆ ರೆಪ್ ನಿಧಾನ ಆಯ್ತಾ ಇಲ್ವಾ ಅಂತ ನೋಡೋಕೆ. ನಿಧಾನ ಆಗ್ಲಿಲ್ಲ ಅಂದ್ರೆ ಮುಂದಿನ ಸಲ 1.25ರ ಪ್ಲೇಟ್ ಎರಡೂ ಕಡೆ.

ಬೆಂಚ್ ಈಗ ಯಾರೂ ಮುಟ್ಟದೆ 37.5ಕ್ಕೆ 5, ಒಂದು ಕಾಲದಲ್ಲಿ ಅದು ಒಂದೇ ರೆಪ್ಪಿನ ತೂಕ. ಸ್ಕ್ವಾಟ್ 57.5ಕ್ಕೆ 5. ಡೆಡ್‌ಲಿಫ್ಟ್ 75ಕ್ಕೆ 5. ಒಬ್ಬರೇ, ಟ್ರೇನರ್, ಪಾರ್ಟ್ನರ್ ಇವುಗಳಲ್ಲಿ ಯಾವುದು ಎಷ್ಟು ಕೊಡ್ತು ಅಂತ ಈ ನಂಬರ್‌ನಿಂದ ಬಿಡಿಸೋಕಾಗಲ್ಲ, ಒಂದರ ಹಿಂದೊಂದು ಬಂದಿದ್ದು, ಮೊದಲನೇದರ ಫಲ ಮೂರನೇದರಲ್ಲೂ ಇರುತ್ತೆ. ಆದ್ರೆ ಪ್ರತಿಯೊಂದು ಎಲ್ಲಿ ಕೈಕೊಡ್ತು ಅನ್ನೋದು ನೋಟ್‌ಬುಕ್ಕಲ್ಲಿ ಸ್ಪಷ್ಟ ಇದೆ, ಹನ್ನೊಂದು ವಾರ ಅದೇ ಸಾಲು, ಆಮೇಲೆ ನಾಲ್ಕು ತಿಂಗಳ ಖಾಲಿ ಹಾಳೆ, ಆಮೇಲೆ ನನ್ನ ಜ್ವರದ ಎರಡು ವಾರ.

ಇನ್ನೂ ಬಗೆಹರಿಯದೇ ಇರೋದು ಡೆಡ್‌ಲಿಫ್ಟ್. 75ರ ನಾಲ್ಕನೇ ಐದನೇ ರೆಪ್ಪಲ್ಲಿ ಅಕ್ಕನ ಬೆನ್ನಿನ ಕೆಳಭಾಗ ಗುಂಡಗಾಗುತ್ತೆ, ಅವರಿಗೆ ಅದು ಆ ಕ್ಷಣಕ್ಕೆ ಗೊತ್ತಾಗಲ್ಲ, ವಿಡಿಯೋದಲ್ಲಿ ಗೊತ್ತಾಗುತ್ತೆ ಆದ್ರೆ ಅಷ್ಟು ಹೊತ್ತಿಗೆ ಸೆಟ್ ಮುಗಿದಿರುತ್ತೆ. ಇದಕ್ಕೆ ಪಿನ್ ಇಲ್ಲ, ಫೋನೂ ಸಾಲಲ್ಲ, ಬಾಯಿಬಿಟ್ಟು ನಿಲ್ಸಿ ಅನ್ನೋರು ಒಬ್ಬರು ಬೇಕು. ಹಾಗಾಗಿ ಡೆಡ್‌ಲಿಫ್ಟನ್ನ ನಾನಿರೋ ದಿನಕ್ಕೆ ಹಾಕಿದ್ದೀವಿ. ನಾನು ಎದುರಿಗಲ್ಲ, ಪಕ್ಕಕ್ಕೆ ನಿಲ್ತೀನಿ, ಬೆನ್ನು ಕಾಣೋ ಹಾಗೆ. ಹೋದ ವಾರ ಮೂರನೇ ರೆಪ್ಪಿಗೇ "ಅಕ್ಕ, ಸಾಕು, ಇಳ್ಸಿ" ಅಂದೆ, ಅವರು ಇಳಿಸಿ ನೋಟ್‌ಬುಕ್ಕಲ್ಲಿ 3 ಅಂತ ಬರ್ಕೊಂಡ್ರು.